ಕ್ಯಾನ್ಸರ್ ಅಲ್ಲದ್ದು ಪಟ್ಟಿಗೆ ಬೇಕು, ಕ್ಯಾನ್ಸರ್ ಆದದ್ದು ಬೇಡ: ಇದೆಂಥ ಲೆಕ್ಕ?

ಪ್ರಶ್ನೆ: ಆಸ್ಪತ್ರೆಯೊಂದರ ಕ್ಯಾನ್ಸರ್ ನೋಂದಣಿ ವಿಭಾಗಕ್ಕೆ ಸೇರಿ ನಾಲ್ಕು ತಿಂಗಳಾಯಿತು. ದಿನವೂ ಬರುವ ವರದಿಗಳ ರಾಶಿಯಿಂದ ನೋಂದಣಿಗೆ ಕಳಿಸಬೇಕಾದ ಕೇಸುಗಳನ್ನು ಆರಿಸುವುದು ನನ್ನ ಕೆಲಸ. ಚರ್ಮದ ಬೇಸಲ್ ಸೆಲ್ ಕಾರ್ಸಿನೋಮಾ ಒಂದನ್ನು ಸೇರಿಸಿದೆ, ಹಿರಿಯರು ಹೊಡೆದುಹಾಕಿದರು. ಮೆದುಳಿನ ಪೊರೆಯ ಬಿನೈನ್, ಅಂದರೆ ಕ್ಯಾನ್ಸರ್ ಅಲ್ಲದ, ಗಡ್ಡೆಯನ್ನು ಬಿಟ್ಟೆ, ಅದನ್ನೇಕೆ ಬಿಟ್ಟೆ ಎಂದು ಕೇಳಿದರು. ಈಗ ಇನ್ನೊಂದು ಕೇಸು ಮೇಜಿನ ಮೇಲಿದೆ. ಸಿಟಿ ಸ್ಕ್ಯಾನ್ ವರದಿಯಲ್ಲಿ ಶ್ವಾಸಕೋಶದ ಗಡ್ಡೆ, ‘ಪ್ರಾಬಬಲ್ ಕಾರ್ಸಿನೋಮಾ’ ಎಂದಿದೆ. ಸೂಜಿ ಪರೀಕ್ಷೆಯಲ್ಲಿ ‘ಸಸ್ಪಿಷಿಯಸ್ ಫಾರ್ ಮ್ಯಾಲಿಗ್ನನ್ಸಿ’, ಅಂದರೆ ಕ್ಯಾನ್ಸರ್ ಇರುವ ಶಂಕೆ ಎಂದಿದೆ. ರೋಗಿ ಮತ್ತೆ ಬರಲೇ ಇಲ್ಲ. ಸೇರಿಸಲೇ, ಬಿಡಲೇ? ಯಾವುದನ್ನು ನೋಡಿ ತೀರ್ಮಾನಿಸಬೇಕು?

ಉತ್ತರ: ನಿಮ್ಮ ಹಿರಿಯರು ಎರಡೂ ಸಲ ಸರಿಯಾಗಿಯೇ ಹೇಳಿದ್ದಾರೆ. ಜೊತೆಗೆ ಕಾರಣವನ್ನೂ ಹೇಳಿದ್ದರೆ ನಿಮಗೆ ಈ ಪ್ರಶ್ನೆ ಬರೆಯುವ ಶ್ರಮ ಉಳಿಯುತ್ತಿತ್ತು.

ಮೊದಲು ಒಂದು ಗಂಟು ಬಿಡಿಸಿಕೊಳ್ಳಿ. ‘ವರದಿ ಮಾಡಬೇಕಾದ ಕೇಸು’ ಎಂಬುದೂ ‘ಕ್ಯಾನ್ಸರ್’ ಎಂಬುದೂ ಒಂದೇ ಮಾತಿನ ಎರಡು ರೂಪ ಎಂದು ನೀವು ಹಿಡಿದಿದ್ದೀರಿ. ಸೇರಿದ ಹೊಸತರಲ್ಲಿ ಎಲ್ಲರೂ ಹಾಗೆಯೇ ಹಿಡಿಯುತ್ತಾರೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ವೈದ್ಯರು ಹೇಳುತ್ತಾರೆ. ವರದಿ ಮಾಡಬೇಕೋ ಬೇಡವೋ ಎಂಬುದನ್ನು ನಿಮ್ಮ ನೋಂದಣಿಯ ನಿಯಮಪುಸ್ತಕ ಹೇಳುತ್ತದೆ. ಎಲ್ಲ ಆಸ್ಪತ್ರೆಗಳೂ ಎಲ್ಲ ವರ್ಷಗಳಲ್ಲೂ ಒಂದೇ ಬಗೆಯ ವಸ್ತುವನ್ನು ಎಣಿಸಲಿ ಎಂದು ಮಾಡಿಕೊಂಡ ಒಪ್ಪಂದ ಅದು. ಆದ್ದರಿಂದ ನೀವು ರೋಗವನ್ನು ಪತ್ತೆ ಮಾಡುವವರಲ್ಲ. ಬರೆದಿಟ್ಟ ಮಾತನ್ನು ಓದಿ, ನಿಯಮದ ಪಕ್ಕದಲ್ಲಿಟ್ಟು ನೋಡುವವರು. ಇದನ್ನು ಮರೆತಾಗಲೆಲ್ಲ ತಪ್ಪಾಗುತ್ತದೆ.

ಒಪ್ಪಂದದ ಬುನಾದಿ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-ಓ, ಅಂದರೆ ಗಡ್ಡೆಗಳಿಗೆಂದೇ ಮಾಡಿದ ಅಂತರರಾಷ್ಟ್ರೀಯ ವರ್ಗೀಕರಣ. 1976ರಲ್ಲಿ ಮೊದಲ ಆವೃತ್ತಿ, 1990ರಲ್ಲಿ ಎರಡನೆಯದು, 2000ದಲ್ಲಿ ಮೂರನೆಯದು ಬಂತು. ಇದರಲ್ಲಿ ಪ್ರತಿ ಗಡ್ಡೆಗೂ ನಾಲ್ಕು ಅಂಕಿಯ ಸಂಖ್ಯೆ, ಆಮೇಲೆ ಒಂದು ಓರೆಗೆರೆ, ಅದರಾಚೆ ಐದನೆಯ ಅಂಕಿ. ನಿಮ್ಮ ಕಣ್ಣು ಮೊದಲು ಹೋಗಬೇಕಾದದ್ದು ಆ ಐದನೆಯ ಅಂಕಿಗೆ, ಏಕೆಂದರೆ ಗಡ್ಡೆಯ ನಡವಳಿಕೆಯನ್ನು ಹೇಳುವುದು ಅದೇ. 0 ಎಂದರೆ ಬಿನೈನ್. 1 ಎಂದರೆ ಹೇಗೆ ವರ್ತಿಸೀತೋ ಖಚಿತವಿಲ್ಲದ್ದು. 2 ಎಂದರೆ ಹುಟ್ಟಿದ ಪದರದಲ್ಲೇ ಇರುವುದು, ಇನ್‌ಸಿಟು. 3 ಎಂದರೆ ಮ್ಯಾಲಿಗ್ನಂಟ್, ಅದೂ ಹುಟ್ಟಿದ ಜಾಗದಲ್ಲಿ. 6 ಎಂದರೆ ಬೇರೆಡೆಯಿಂದ ಹರಡಿ ಬಂದದ್ದು. 9 ಎಂದರೆ ಮ್ಯಾಲಿಗ್ನಂಟ್ ಹೌದು, ಹುಟ್ಟಿದ್ದು ಅಲ್ಲೇಯೋ ಹರಡಿ ಬಂದದ್ದೋ ತಿಳಿಯದು. ಅಂಗಾಂಶ ಪರೀಕ್ಷಿಸುವ ಪೆಥಾಲಜಿ ವಿಭಾಗದವರು 6 ಮತ್ತು 9ನ್ನು ಬಳಸಿಯಾರು, ನೋಂದಣಿಯಲ್ಲಿ ಅವುಗಳಿಗೆ ಜಾಗವಿಲ್ಲ. ಇದಕ್ಕೆ ಕಾರಣ ಮುಂದೆ ಬರುತ್ತದೆ.

3 ಇದ್ದದ್ದು ಎಲ್ಲ ಕಡೆಯೂ ಬೇಕು. 2 ಇದ್ದದ್ದು ಬಹಳ ಕಡೆ ಬೇಕು. 1 ಮತ್ತು 0 ಸಾಮಾನ್ಯವಾಗಿ ಬೇಡ. ನಿಮ್ಮನ್ನು ಕಾಡಿದ ಎರಡೂ ಕೇಸುಗಳು ಈ ಸಾಲಿನಿಂದ ಹೊರಗೆ ನಿಲ್ಲುವಂಥವು.

ಬೇಸಲ್ ಸೆಲ್ ಕಾರ್ಸಿನೋಮಾದ ಸಂಖ್ಯೆ 8090/3. ಅಂಕಿಯ ಪ್ರಕಾರ ಅಪ್ಪಟ ಮ್ಯಾಲಿಗ್ನಂಟ್. ಆದರೂ ಚರ್ಮದ ಬೇಸಲ್ ಸೆಲ್ ಮತ್ತು ಸ್ಕ್ವೇಮಸ್ ಸೆಲ್ ಕಾರ್ಸಿನೋಮಾಗಳನ್ನು ಅನೇಕ ನೋಂದಣಿಗಳು ಬಿಡುತ್ತವೆ. ಇವು ವಿಪರೀತ ಸಾಮಾನ್ಯ. ಹೊರರೋಗಿ ಕೋಣೆಯಲ್ಲೇ ಕೆತ್ತಿಯೋ ಸುಟ್ಟೋ ತೆಗೆಯುತ್ತಾರೆ. ಎಷ್ಟೋ ಸಲ ಅಂಗಾಂಶ ಪರೀಕ್ಷೆಗೂ ಹೋಗುವುದಿಲ್ಲ. ಎಣಿಸಲು ಹೊರಟರೆ ಎಣಿಕೆ ಅರ್ಧಂಬರ್ಧ ಆಗುತ್ತದೆ, ಅರ್ಧಂಬರ್ಧ ಎಣಿಕೆ ಎಣಿಸದಿರುವುದಕ್ಕಿಂತ ಕೆಟ್ಟದ್ದು. ಹಾಗೆಂದು ‘ಚರ್ಮ’ ಎಂಬ ಪದ ಕಂಡ ಕೂಡಲೇ ಪಕ್ಕಕ್ಕೆ ಸರಿಸಬೇಡಿ. ಮೆಲನೋಮಾ ಬೇಕು, ಮರ್ಕೆಲ್ ಸೆಲ್ ಕಾರ್ಸಿನೋಮಾ ಬೇಕು. ಅದೇ ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ತುಟಿಯ ಕೆಂಪು ಅಂಚಿನಲ್ಲೋ ಜನನಾಂಗದ ಚರ್ಮದಲ್ಲೋ ಇದ್ದರೆ ಅದರ ಜಾಗದ ಸಂಕೇತವೇ ಬೇರೆ, ಅದೂ ಬೇಕು. ಗಡ್ಡೆಯ ಹೆಸರು ಅರ್ಧ ಉತ್ತರ, ಜಾಗ ಇನ್ನರ್ಧ.

ಮೆದುಳಿನ ಪೊರೆಯ ಗಡ್ಡೆ, ಮೆನಿಂಜಿಯೋಮಾ, 9530/0. ಅಂಕಿ ಬಿನೈನ್ ಎನ್ನುತ್ತದೆ. ಆದರೆ ತಲೆಬುರುಡೆ ಹಿಗ್ಗುವುದಿಲ್ಲ. ಒಳಗೆ ಬೆಳೆದದ್ದು ಹರಡದಿದ್ದರೂ ಒತ್ತಿ ಕುರುಡು ಮಾಡಬಲ್ಲದು, ಕೊಲ್ಲಲೂಬಲ್ಲದು. ಹಾಗಾಗಿ ಮೆದುಳು, ಅದರ ಪೊರೆ, ಬೆನ್ನುಹುರಿ, ಪಿಟ್ಯುಟರಿ ಗ್ರಂಥಿ, ಪೀನಿಯಲ್ ಗ್ರಂಥಿ ಈ ಜಾಗಗಳಲ್ಲಿ 0 ಮತ್ತು 1ನ್ನೂ ಎಣಿಸುವ ಪದ್ಧತಿ ಬಂತು. ಅಮೆರಿಕದಲ್ಲಿ ಇದಕ್ಕೆಂದೇ ಕಾನೂನು ಮಾಡಿ, 2004ರ ಜನವರಿ 1ರಿಂದ ಪತ್ತೆಯಾದ ಇಂಥ ಗಡ್ಡೆಗಳೆಲ್ಲ ನೋಂದಣಿಗೆ ಬರಬೇಕೆಂದರು.

ಮೂರನೆಯ ಅಪವಾದ ಬೇಗ ಹೇಳಿಬಿಡುತ್ತೇನೆ, ನಾಳೆ ನಾಡಿದ್ದು ನಿಮ್ಮ ಮೇಜಿಗೆ ಬರುವುದೇ ಅದು. ಗರ್ಭಕಂಠದ ಇನ್‌ಸಿಟು ಕಾರ್ಸಿನೋಮಾ ಮತ್ತು ಸಿಐಎನ್ 3, ಅಂದರೆ ಅಲ್ಲಿನ ಕ್ಯಾನ್ಸರ್‌ಪೂರ್ವ ಬದಲಾವಣೆಯ ಅತಿ ತೀವ್ರ ದರ್ಜೆ. ಅಮೆರಿಕದ ಸೀರ್ ಎಂಬ ಸರ್ಕಾರಿ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 1996ರಿಂದ ಪತ್ತೆಯಾದವುಗಳಿಗೆ ಇದನ್ನು ಪಟ್ಟಿಯಿಂದ ತೆಗೆಯಿತು. ಬೇರೆ ಕೆಲವು ಕಡೆ ಈಗಲೂ ಸೇರಿಸುತ್ತಾರೆ. ಸ್ತನದ ಇನ್‌ಸಿಟು ಬೇಕು, ಗರ್ಭಕಂಠದ್ದು ಬೇಡ ಎನ್ನುವುದರಲ್ಲಿ ತರ್ಕ ಹುಡುಕುತ್ತ ಕೂರಬೇಡಿ. ನಿಮ್ಮ ಪುಸ್ತಕದ ಪುಟ ತೆರೆದು ನೋಡಿ.

ಆ ಪುಸ್ತಕದ ಮೇಲೆ ಯಾವ ವರ್ಷ ಅಚ್ಚಾಗಿದೆ ಎಂದು ನೋಡುವುದನ್ನೂ ಮರೆಯಬೇಡಿ. ಅಂಡಾಶಯದ ಬಾರ್ಡರ್‌ಲೈನ್ ಗಡ್ಡೆಗಳು ಐಸಿಡಿ-ಓ ಎರಡನೆಯ ಆವೃತ್ತಿಯಲ್ಲಿ 3 ಆಗಿದ್ದವು, ಮೂರನೆಯದರಲ್ಲಿ 1ಕ್ಕೆ ಇಳಿದವು. ಅದೇ ಮೂರನೆಯ ಆವೃತ್ತಿಯಲ್ಲಿ ಪಾಲಿಸೈಥೀಮಿಯಾ ವೇರಾ, ಮೈಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್ ಮುಂತಾದ ರಕ್ತದ ಕಾಯಿಲೆಗಳು 1ರಿಂದ 3ಕ್ಕೆ ಏರಿದವು. ಜೀರ್ಣಾಂಗದ ಸ್ಟ್ರೋಮಲ್ ಗಡ್ಡೆಯನ್ನು, ಎಲ್ಲರೂ ಜಿಸ್ಟ್ ಎನ್ನುವುದನ್ನು, ಮೊದಲು ಮೂರು ಬಗೆಯಲ್ಲಿ ಬರೆಯುತ್ತಿದ್ದರು, 3.2 ಪರಿಷ್ಕರಣೆಯಲ್ಲಿ ಎಲ್ಲವೂ 8936/3 ಆಯಿತು. ಥೈರಾಯಿಡ್‌ನ ಒಂದು ಬಗೆಯ ಪ್ಯಾಪಿಲರಿ ಕಾರ್ಸಿನೋಮಾದ ಕತೆ ತಿರುಗಾಮುರುಗಾ. ಕವಚದೊಳಗೇ ಉಳಿದು ಎಲ್ಲೂ ಹರಡದ ಅದರ ಹೆಸರಿನಿಂದ 2016ರಲ್ಲಿ ತಜ್ಞರು ‘ಕಾರ್ಸಿನೋಮಾ’ ಎಂಬ ಪದವನ್ನೇ ಕಿತ್ತರು. ಜೀವಕೋಶಗಳು ಇದ್ದ ಹಾಗೇ ಇವೆ, ಲೆಕ್ಕ ಬದಲಾಗಿದೆ. ಆದ್ದರಿಂದ ರೋಗ ಪತ್ತೆಯಾದ ದಿನದಂದು ಜಾರಿಯಲ್ಲಿದ್ದ ನಿಯಮವನ್ನು ಹಚ್ಚಬೇಕು, ನೀವು ಕಡತ ತೆರೆದ ದಿನದ್ದನ್ನಲ್ಲ.

ಇನ್ನು ನಿಮ್ಮ ನಿಜವಾದ ತಲೆನೋವು: ಅನುಮಾನದ ಮಾತುಗಳು.

ವೈದ್ಯರು ವರದಿ ಬರೆಯುವಾಗ ನೋಂದಣಿಯವರು ಓದುತ್ತಾರೆಂದು ಬರೆಯುವುದಿಲ್ಲ. ಎದುರಿನ ವೈದ್ಯರಿಗೆ ಸೂಚನೆ ಕೊಡುತ್ತಾರೆ, ತಮ್ಮ ಬೆನ್ನನ್ನೂ ಸ್ವಲ್ಪ ಕಾಯ್ದುಕೊಳ್ಳುತ್ತಾರೆ. ಆ ಮಾತಿನ ಹದವನ್ನು ನೂರು ಮಂದಿ ನೂರು ಬಗೆಯಲ್ಲಿ ತೂಗಬಾರದೆಂದು ಅಮೆರಿಕದ ನಿಯಮಗಳು ಎರಡು ಪಟ್ಟಿ ಮಾಡಿಟ್ಟಿವೆ. ‘ಪ್ರಾಬಬಲ್’, ‘ಮೋಸ್ಟ್ ಲೈಕ್ಲಿ’, ‘ಕನ್ಸಿಸ್ಟೆಂಟ್ ವಿತ್’, ‘ಕಂಪ್ಯಾಟಿಬಲ್ ವಿತ್’, ‘ಫೇವರ್ಸ್’, ‘ಪ್ರಿಸ್ಯೂಮ್ಡ್’, ‘ಸಸ್ಪೆಕ್ಟೆಡ್’, ‘ಸಸ್ಪಿಷಿಯಸ್ ಫಾರ್’, ‘ಟಿಪಿಕಲ್ ಆಫ್’ ಇವು ಕ್ಯಾನ್ಸರ್ ಪದದ ಜೊತೆ ಬಂದರೆ ಕೇಸು. ‘ಪಾಸಿಬಲ್’, ‘ಕ್ವೆಶ್ಚನಬಲ್’, ‘ಈಕ್ವಿವೊಕಲ್’, ‘ಸಜೆಸ್ಟ್ಸ್’, ‘ವರಿಸಮ್’, ‘ರೂಲ್ ಔಟ್’, ‘ಕೆನಾಟ್ ಬಿ ರೂಲ್ಡ್ ಔಟ್’ ಇವು ಎಷ್ಟೇ ಭಯ ಹುಟ್ಟಿಸಿದರೂ ಕೇಸಲ್ಲ. ಪ್ರತಿ ನೋಂದಣಿಯ ಪಟ್ಟಿಯೂ ಇದೇ ಆಗಿರಬೇಕೆಂದಿಲ್ಲ. ನಿಮ್ಮದನ್ನು ಅಚ್ಚು ಹಾಕಿಸಿ ಕಣ್ಣೆದುರಿನ ಗೋಡೆಗೆ ಅಂಟಿಸಿ. ನೆನಪಿನಿಂದ ಕೆಲಸ ಮಾಡಿದರೆ ಆರು ತಿಂಗಳಲ್ಲಿ ನಿಮಗೇ ತಿಳಿಯದಂತೆ ನಿಮ್ಮದೇ ಒಂದು ಪಟ್ಟಿ ಹುಟ್ಟಿಕೊಳ್ಳುತ್ತದೆ. ಇದು ಅನುಭವದ ಮಾತು.

ಪಟ್ಟಿ ಎಷ್ಟು ಒರಟು ಎಂಬುದಕ್ಕೆ ಒಂದು ಉದಾಹರಣೆ. ಮ್ಯಾಮೋಗ್ರಾಂ, ಅಂದರೆ ಸ್ತನದ ಎಕ್ಸ್‌ರೇ, ವರದಿಯಲ್ಲಿ ಅನುಮಾನದ ಮಟ್ಟ ಹೇಳುವ ಬೈ-ರಾಡ್ಸ್ ಅಂಕಿ 5 ಎಂದಿದ್ದರೆ ಅದರ ಅರ್ಥ ‘ಹೈಲಿ ಸಜೆಸ್ಟಿವ್ ಆಫ್ ಮ್ಯಾಲಿಗ್ನನ್ಸಿ’. ಕ್ಯಾನ್ಸರ್ ಇರುವ ಸಂಭವ ನೂರಕ್ಕೆ 95 ಅಥವಾ ಅದಕ್ಕೂ ಹೆಚ್ಚು. ಆದರೂ ‘ಸಜೆಸ್ಟಿವ್’ ಎಂಬುದು ಬೇಡದ ಪಟ್ಟಿಯಲ್ಲಿರುವ ಮಾತು. ಅಮೆರಿಕದ ನಿಯಮದ ಪ್ರಕಾರ ಅಷ್ಟೇ ಆಧಾರದಲ್ಲಿ ಕೇಸು ಆಗುವುದಿಲ್ಲ. ಮೊದಲ ಸಲ ಇದನ್ನು ಓದಿದಾಗ ನನಗೂ ಸಿಟ್ಟು ಬಂದಿತ್ತು. ಆದರೆ ಬೈ-ರಾಡ್ಸ್ 5 ಬಂದವರಿಗೆ ಬಯಾಪ್ಸಿ ಸಾಮಾನ್ಯವಾಗಿ ಆಗಿಯೇ ಆಗುತ್ತದೆ, ಕೇಸು ಆ ಬಾಗಿಲಿನಿಂದ ಒಳಗೆ ಬರುತ್ತದೆ. ನಿಮ್ಮ ಕೆಲಸ ಆ ಹೆಸರನ್ನು ಕಾಯುವ ಪಟ್ಟಿಯಲ್ಲಿಟ್ಟು ಮುಂದಿನ ತಿಂಗಳು ಮತ್ತೆ ನೋಡುವುದು.

ಸೂಜಿ ಪರೀಕ್ಷೆ, ಕಫ, ಮೂತ್ರದ ಜೀವಕೋಶ ಪರೀಕ್ಷೆ, ಒಟ್ಟಿನಲ್ಲಿ ಸೈಟಾಲಜಿಗೆ ಬೇರೆಯದೇ ಎಚ್ಚರ ಬೇಕು. ಅಲ್ಲಿ ಅನುಮಾನದ ಪದ ಬೇಕಾದ ಪಟ್ಟಿಯಲ್ಲಿದ್ದರೂ ಅದೊಂದನ್ನೇ ನಂಬಿ ಸೇರಿಸುವಂತಿಲ್ಲ. ಬಯಾಪ್ಸಿಯೋ ಸ್ಕ್ಯಾನೋ ವೈದ್ಯರ ಖಚಿತ ಹೇಳಿಕೆಯೋ ಬೆಂಬಲಕ್ಕೆ ನಿಲ್ಲಬೇಕು. ಜೀವಕೋಶ ಪರೀಕ್ಷೆ ಅನುಮಾನವಿಲ್ಲದೆ ‘ಪಾಸಿಟಿವ್’ ಎಂದರೆ ಮಾತು ಬೇರೆ, ಅದು ಕೇಸೇ.

ಪದ ಯಾವುದಕ್ಕೆ ಅಂಟಿಕೊಂಡಿದೆ ಎಂದೂ ನೋಡಿ. ‘ಸಸ್ಪಿಷಿಯಸ್ ಫಾರ್ ಕಾರ್ಸಿನೋಮಾ’ ಕೇಸು. ‘ಸಸ್ಪಿಷಿಯಸ್ ಮಾಸ್’ ಕೇಸಲ್ಲ, ಏಕೆಂದರೆ ಮಾಸ್ ಎಂದರೆ ಬರೀ ಉಂಡೆ. ‘ಟ್ಯೂಮರ್’, ‘ನಿಯೋಪ್ಲಾಸಮ್’ ಎಂದಷ್ಟೇ ಇದ್ದರೂ ಮೆದುಳು, ಬೆನ್ನುಹುರಿ ಬಿಟ್ಟು ಬೇರೆಡೆ ಸಾಲದು. ಕೊನೆಗೊಂದು ಮಾತು: ಅನುಮಾನದ ಹೇಳಿಕೆಯ ಮೇಲೆ ನಿಂತ ಕೇಸು ಆಮೇಲಿನ ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಲ್ಲವೆಂದಾದರೆ ಕೈಬಿಡಬೇಕು. ಸ್ಕ್ಯಾನ್ ವರದಿಯನ್ನಷ್ಟೇ ಓದಿ ಕಡತ ಮುಚ್ಚುವವರು ಇಲ್ಲೇ ಸಿಕ್ಕಿಬೀಳುವುದು.

ಕಂಪ್ಯೂಟರಿನಲ್ಲಿ ‘ಓಮಾ’ ಎಂದು ಹುಡುಕಿ ಕೇಸು ಆರಿಸುವ ಅಡ್ಡದಾರಿ ಯಾರಾದರೂ ಹೇಳಿಕೊಟ್ಟರೆ ನಕ್ಕು ಬಿಡಿ. ಹೆಮಟೋಮಾ ಹೆಪ್ಪುಗಟ್ಟಿದ ರಕ್ತ, ಗ್ರಾನ್ಯುಲೋಮಾ ಉರಿಯೂತದ ಗಂಟು, ಲೈಪೋಮಾ ಕೊಬ್ಬಿನ ಗಂಟು. ಮೂರೂ ನಿಮ್ಮ ಪರದೆ ತುಂಬ ಬಂದು ಕೂರುತ್ತವೆ. ‘ಮೈಕೋಸಿಸ್ ಫಂಗಾಯ್ಡಿಸ್’ ಎಂಬ ಹೆಸರು ಕೇಳಿದರೆ ಬೂಸ್ಟಿನ ಸೋಂಕು ಎನಿಸುತ್ತದೆ. ಅದು ಚರ್ಮದ ಲಿಂಫೋಮಾ, 9700/3. ಸಾರ್ಕಾಯ್ಡೋಸಿಸ್‌ ಎಂಬ ಉರಿಯೂತದ ಕಾಯಿಲೆಗೂ ಸಾರ್ಕೋಮಾ ಎಂಬ ಕ್ಯಾನ್ಸರಿಗೂ ಸಂಬಂಧವೇ ಇಲ್ಲ. ‘ನೋ ಎವಿಡೆನ್ಸ್ ಆಫ್ ಮ್ಯಾಲಿಗ್ನನ್ಸಿ’ ಎಂಬ ವಾಕ್ಯದಲ್ಲೂ ಮ್ಯಾಲಿಗ್ನನ್ಸಿ ಎಂಬ ಪದ ಇದ್ದೇ ಇದೆ. ಯಂತ್ರ ಹೆಕ್ಕಿ ಕೊಡಲಿ, ಬೇಡ ಎನ್ನುವುದಿಲ್ಲ. ಓದುವುದು ನೀವೇ ಆಗಿರಬೇಕು.

ಹೆಕ್ಕುವುದು ಎಲ್ಲಿಂದ? ನೀವು ಹೆಚ್ಚಾಗಿ ಪೆಥಾಲಜಿ ವರದಿಗಳ ರಾಶಿಯನ್ನೇ ನೋಡುತ್ತಿದ್ದೀರಿ ಎಂಬ ಗುಮಾನಿ ನನಗಿದೆ, ಪ್ರಶ್ನೆಯಲ್ಲಿ ಆ ಒಂದು ಸಿಟಿ ವರದಿ ಬಿಟ್ಟರೆ ಬೇರೆ ಮೂಲದ ಹೆಸರೇ ಇಲ್ಲ. ಅದೊಂದೇ ಆದರೆ ಬಯಾಪ್ಸಿ ಆಗದವರೆಲ್ಲ ತಪ್ಪಿಹೋಗುತ್ತಾರೆ. ಮೇದೋಜೀರಕ, ಯಕೃತ್ತು, ಶ್ವಾಸಕೋಶ, ಮೆದುಳಿನ ಗಡ್ಡೆಗಳು ಎಷ್ಟೋ ಸಲ ಸ್ಕ್ಯಾನ್ ಮೇಲೆಯೇ ನಿಲ್ಲುತ್ತವೆ. ವಯಸ್ಸಾದವರಿಗೆ ಸೂಜಿ ಚುಚ್ಚುವ ಗೋಜಿಗೇ ವೈದ್ಯರು ಹೋಗುವುದಿಲ್ಲ. ಪೆಥಾಲಜಿಯ ಜೊತೆಗೆ ರಕ್ತಪರೀಕ್ಷೆ ವಿಭಾಗದ ಅಸ್ಥಿಮಜ್ಜೆ ವರದಿ, ವಿಕಿರಣ ಮತ್ತು ಕೀಮೋ ವಿಭಾಗದ ಹಾಜರಿ ಪುಸ್ತಕ, ಶಸ್ತ್ರಚಿಕಿತ್ಸೆಯ ದಾಖಲೆ, ಸ್ಕ್ಯಾನ್ ವರದಿ, ಶವಪರೀಕ್ಷೆ, ಮರಣಪತ್ರ ಎಲ್ಲವೂ ಬೇಕು.

ಇವುಗಳಲ್ಲಿ ನನಗೆ ಅತಿ ಹೆಚ್ಚು ಕೇಸು ಹಿಡಿದುಕೊಟ್ಟದ್ದು ವೈದ್ಯಕೀಯ ದಾಖಲೆ ವಿಭಾಗದ ಬಿಡುಗಡೆ ಸೂಚಿ, ಅಂದರೆ ಎಲ್ಲ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣವಾದ ಐಸಿಡಿ-10ರ ಸಂಕೇತಗಳ ಪಟ್ಟಿ. ಸಿ00ರಿಂದ ಸಿ97ರವರೆಗೆ ಎಲ್ಲರೂ ಕೇಳಿ ಪಡೆಯುತ್ತಾರೆ. ಕೇಳದೆ ಬಿಡುವುದು ಡಿ ಅಕ್ಷರದವನ್ನು. ಇನ್‌ಸಿಟು ಇರುವುದು ಡಿ00ರಿಂದ ಡಿ09ರಲ್ಲಿ. ಮೆದುಳು, ಪೊರೆಗಳ ಬಿನೈನ್ ಗಡ್ಡೆ ಡಿ32, ಡಿ33ರಲ್ಲಿ. ಮೇಲೆ ಹೇಳಿದ ಪಾಲಿಸೈಥೀಮಿಯಾ ವೇರಾ ಡಿ45ರಲ್ಲಿ, ಮೈಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್ ಡಿ46ರಲ್ಲಿ. ಐಸಿಡಿ-10 ಇವನ್ನು ‘ನಡವಳಿಕೆ ಖಚಿತವಿಲ್ಲ’ ಎಂಬ ಗುಂಪಿನಲ್ಲಿ ಇಟ್ಟಿದೆ, ಐಸಿಡಿ-ಓ 3 ಎನ್ನುತ್ತದೆ. ನೋಂದಣಿಗೆ ಐಸಿಡಿ-ಓ ಮಾತೇ ಮಾತು. ಹಾಗೆಯೇ ಕೀಮೋ, ವಿಕಿರಣಕ್ಕೆಂದು ಬಂದುಹೋದವರು ಝಡ್51ರಲ್ಲಿ, ಹಳೆಯ ಕ್ಯಾನ್ಸರ್ ಇದ್ದವರು ಝಡ್85ರಲ್ಲಿ ಇರುತ್ತಾರೆ. ಸೂಚಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಕೇಸು ಎಂದಲ್ಲ. ಕಡತ ತೆರೆಯಲು ಅದೊಂದು ನೆಪ.

ಮರಣಪತ್ರ ಕೊನೆಯ ಬಾಗಿಲು. ಅದರಲ್ಲಿ ಕ್ಯಾನ್ಸರ್ ಎಂದಿದ್ದು ನಿಮ್ಮಲ್ಲಿ ಹೆಸರಿಲ್ಲದಿದ್ದರೆ ಹಿಂದಕ್ಕೆ ಹೋಗಿ ಆಸ್ಪತ್ರೆಯ ಕಡತ ಹುಡುಕಬೇಕು. ಏನೂ ಸಿಗದಿದ್ದರೆ ‘ಮರಣಪತ್ರದಿಂದ ಮಾತ್ರ’ ಎಂದು ದಾಖಲಿಸುತ್ತಾರೆ. ಅಂಥವುಗಳ ಪ್ರಮಾಣ ಹೆಚ್ಚಿದ್ದರೆ, ರೋಗಿ ಬದುಕಿದ್ದಾಗ ನಾವು ನೋಡಬೇಕಾದ ಕಡೆ ನೋಡಿಲ್ಲ ಎಂದೇ ಅರ್ಥ.

ಕ್ಯಾನ್ಸರ್ ಹೌದೆಂದಾದ ಮೇಲೂ ಅದು ‘ನಮ್ಮ ಲೆಕ್ಕದ್ದೇ’ ಎಂಬ ಪ್ರಶ್ನೆ ಉಳಿಯುತ್ತದೆ. ಜನಸಂಖ್ಯೆ ಆಧಾರಿತ ನೋಂದಣಿಯಲ್ಲಿ ರೋಗ ಪತ್ತೆಯಾದಾಗ ರೋಗಿ ಆ ಪ್ರದೇಶದ ನಿವಾಸಿಯಾಗಿರಬೇಕು. ಚಿಕಿತ್ಸೆಗೆಂದು ಬಂದು ನೆಂಟರ ವಿಳಾಸ ಕೊಟ್ಟವರ ವಿಷಯದಲ್ಲಿ ಎರಡು ಸಲ ಕೇಳಿ. ಆಸ್ಪತ್ರೆ ಆಧಾರಿತ ನೋಂದಣಿಯಲ್ಲಿ ಎಲ್ಲಿಯವರಾದರೂ ಆದೀತು. ಅಲ್ಲಿ ನೋಡುವುದು ನಿಮ್ಮ ಆಸ್ಪತ್ರೆ ಆ ರೋಗಿಗೆ ಏನು ಮಾಡಿತು ಎಂಬುದನ್ನು. ‘ಹಿಸ್ಟರಿ ಆಫ್’ ಎಂಬ ಪದದ ಮೇಲೆ ನಿಂತು ಯಾವ ತೀರ್ಮಾನಕ್ಕೂ ಬರಬೇಡಿ. ಹತ್ತು ವರ್ಷದ ಹಿಂದೆ ವಾಸಿಯಾದದ್ದಕ್ಕೂ ಅದೇ ಪದ, ಹೋದ ತಿಂಗಳು ಪತ್ತೆಯಾಗಿ ಈಗ ಕೀಮೋ ನಡೆಯುತ್ತಿರುವುದಕ್ಕೂ ಕಿರಿಯ ವೈದ್ಯರು ಅದೇ ಪದ ಬರೆಯುತ್ತಾರೆ. ತಾರೀಕು ಹುಡುಕಿ.

ಹರಡಿದ ಕ್ಯಾನ್ಸರ್ ಹೊಸ ಕೇಸಲ್ಲ. ಸ್ತನದಿಂದ ಯಕೃತ್ತಿಗೆ ಹೋದದ್ದನ್ನು ಯಕೃತ್ತಿನ ಕ್ಯಾನ್ಸರ್ ಎಂದು ಬರೆದರೆ ಒಬ್ಬರಿಗೆ ಎರಡು ಕ್ಯಾನ್ಸರ್ ಕೊಟ್ಟಂತಾಯಿತು. ನೋಂದಣಿಯಲ್ಲಿ 6ಕ್ಕೆ ಜಾಗವಿಲ್ಲ ಎಂದೆನಲ್ಲ, ಅದು ಇದಕ್ಕೇ: ಹರಡಿದ್ದು ಕಂಡರೂ ನಾವು ದಾಖಲಿಸುವುದು ಹುಟ್ಟಿದ ಗಡ್ಡೆಯನ್ನು, 3 ಎಂದು. ಹುಟ್ಟಿದ ಜಾಗ ಸಿಗದಿದ್ದರೂ ಕೇಸು ಬಿಡುವಂತಿಲ್ಲ, ಸಿ80.9 ಎಂಬ ‘ಮೂಲ ತಿಳಿಯದ್ದು’ ಇದೆ. ಮರುಕಳಿಸಿದ್ದೂ ಹೊಸದಲ್ಲ. ಒಬ್ಬರಲ್ಲೇ ನಿಜವಾಗಿ ಎರಡು ಬೇರೆ ಕ್ಯಾನ್ಸರ್ ಇವೆಯೇ ಎಂಬುದನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ನಿಯಮ ಒಂದು ಬಗೆಯಲ್ಲಿ, ಅಮೆರಿಕದ ನಿಯಮ ಇನ್ನೊಂದು ಬಗೆಯಲ್ಲಿ ಎಣಿಸುತ್ತವೆ. ಅದಕ್ಕೆ ಇನ್ನೊಂದು ಇಡೀ ಉತ್ತರವೇ ಬೇಕು.

ಬಿಟ್ಟ ಕೇಸುಗಳನ್ನು ನೀವು ಏನು ಮಾಡುತ್ತೀರಿ? ನಾನು ಕೆಲಸ ಕಲಿಯುವಾಗ ಬೇಡವೆನಿಸಿದ ವರದಿಗಳನ್ನು ಕಟ್ಟಿ ಹಳೆಯ ಕಾಗದದ ಜೊತೆ ಕಳಿಸಿಬಿಡುತ್ತಿದ್ದೆ. ವರ್ಷದ ಕೊನೆಗೆ ತಪಾಸಣೆಗೆ ಬಂದವರು ಇಪ್ಪತ್ತು ಹೆಸರು ಮುಂದಿಟ್ಟು ‘ಇವು ಯಾಕಿಲ್ಲ?’ ಎಂದರು. ಹದಿನೇಳನ್ನು ಸರಿಯಾಗಿಯೇ ಬಿಟ್ಟಿದ್ದೆ, ಮೂರು ತಪ್ಪಾಗಿತ್ತು. ಆದರೆ ಯಾವುದು ಯಾಕೆ ಎಂದು ಹೇಳಲು ಒಂದು ಸಾಲೂ ಇರಲಿಲ್ಲ, ಇಪ್ಪತ್ತನ್ನೂ ಮತ್ತೆ ಮೊದಲಿನಿಂದ ತೆಗೆಯಬೇಕಾಯಿತು. ಅಂದಿನಿಂದ ‘ಬಿಟ್ಟವು’ ಎಂಬ ಒಂದು ಪಟ್ಟಿ ಇಡುತ್ತೇನೆ: ರೋಗಿಯ ಸಂಖ್ಯೆ, ವರದಿಯ ತಾರೀಕು, ಬಿಟ್ಟ ಕಾರಣ ನಾಲ್ಕೇ ಪದದಲ್ಲಿ. ‘ಪಾಸಿಬಲ್ ಮಾತ್ರ, ಬಯಾಪ್ಸಿ ಕಾಯುತ್ತಿದೆ.’ ‘ಚರ್ಮ, 8090.’ ಅದೇ ಹೆಸರು ಬೇರೆ ವಿಭಾಗದಿಂದ ಮತ್ತೆ ಬಂದಾಗ ಎರಡನೇ ಸಲ ಕಡತ ಹುಡುಕುವ ಕೆಲಸ ತಪ್ಪುತ್ತದೆ. ನಿಯಮ ಬದಲಾದಾಗ ಯಾವುದನ್ನು ವಾಪಸ್ ತೆಗೆಯಬೇಕೆಂಬುದೂ ಅಲ್ಲೇ ಸಿಗುತ್ತದೆ.

ಈಗ ನಿಮ್ಮ ಮೇಜಿನ ಮೇಲಿನ ಕೇಸು. ಮೇಲೆ ಹೇಳಿದ ಪದಪಟ್ಟಿಯನ್ನು ನಿಮ್ಮ ನೋಂದಣಿಯೂ ಪಾಲಿಸುತ್ತಿದ್ದರೆ ಸೇರಿಸಿ. ಸೂಜಿ ಪರೀಕ್ಷೆಯ ‘ಸಸ್ಪಿಷಿಯಸ್’ ಸೈಟಾಲಜಿಯದ್ದು, ಅದೊಂದರಿಂದ ಕೇಸು ಆಗುತ್ತಿರಲಿಲ್ಲ. ಆದರೆ ಅದು ಸ್ಕ್ಯಾನನ್ನು ಅಲ್ಲಗಳೆದೂ ಇಲ್ಲ. ಸಿಟಿಯ ‘ಪ್ರಾಬಬಲ್ ಕಾರ್ಸಿನೋಮಾ’ ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ. ಪತ್ತೆಯಾದ ದಿನ ಎಂದು ಸಿಟಿಯ ತಾರೀಕು ಹಾಕಿ. ರೋಗನಿರ್ಣಯದ ಆಧಾರದ ಕಡೆ ‘ಸೈಟಾಲಜಿ’ ಎಂದು ಬರೆಯುವ ಆಸೆ ಆಗುತ್ತದೆ, ಬರೆಯಬೇಡಿ. ಸೂಕ್ಷ್ಮದರ್ಶಕದಡಿ ಖಚಿತವಾಗಿಲ್ಲ, ಸ್ಕ್ಯಾನ್ ಆಧಾರ ಎಂದೇ ಇರಲಿ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಸಂಕೇತ 2. ಸಹಿ ಹಾಕುವ ಮೊದಲು ಮರಣಪತ್ರಗಳ ಪಟ್ಟಿಯಲ್ಲಿ ಆ ಹೆಸರಿದೆಯೇ ನೋಡಿ, ಸುತ್ತಲಿನ ಬೇರೆ ಆಸ್ಪತ್ರೆಗಳ ನೋಂದಣಿಯನ್ನೂ ಒಮ್ಮೆ ಕೇಳಿ. ಮತ್ತೆ ಬರದ ರೋಗಿ ಬೇರೆಲ್ಲೋ ಬಯಾಪ್ಸಿ ಮಾಡಿಸಿಕೊಂಡಿರುವುದು ಅಪರೂಪವೇನಲ್ಲ.